ತಟ್ಟೆಗೊಂದು ದೃಷ್ಟಿಬೊಟ್ಟು: ಡಿಪೆಶ್ ಮೋಡ್ ಎಲ್‌ಪಿಗಳ ಡಿಜಿಟೈಸಿಂಗ್, ಮೂರನೇ ಕಂತು

ಇಂಗ್ಲೆಂಡಿನ ಸಿಂಥಸೈಜರ್ ಪಾಪ್ ತಂಡ ಡಿಪೆಶ್ ಮೋಡ್‌ನ ಮೂರು ಎಲ್‌ಪಿ ತಟ್ಟೆಗಳನ್ನು ಕಂಪ್ಯೂಟರ್ ಫೈಲು ಮಾಡುತ್ತಿದ್ದೇವೆ. ಅದರಲ್ಲಿ ‘ಎ ಬ್ರೋಕನ್ ಫ್ರೇಮ್’ನ ಬಿ ಸೈಡು (ಎರಡನೇ ಬದಿ) ಕೊನೆಗೂ ಶ್ರುತಿಗೆ ಬಂತು. ಗೆದ್ದದ್ದು ದುಬಾರಿ ಸಾಫ್ಟ್‌ವೇರ್‌ನಿಂದಲ್ಲ, ಹೊಸ ಕಾರ್ಟ್ರಿಜ್‌ನಿಂದಲೂ (ಮುಳ್ಳಿರುವ ಭಾಗ) ಅಲ್ಲ. ಒಂದು ಅಗ್ಗದ ಸೆನ್ಸರು, ಎರಡು ರೆಸಿಸ್ಟರು, ಬೆರಳ ತುದಿಯಷ್ಟು ಕಾಡಿಗೆ.

ಉಳಿದೆರಡು ತಟ್ಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1981ರ ‘ಸ್ಪೀಕ್ ಅಂಡ್ ಸ್ಪೆಲ್’ ಸಲೀಸಾಗಿ ಮುಗಿಯಿತು. ತಂಡದಲ್ಲಿ ಆಗ ಹಾಡು ಬರೆಯುತ್ತಿದ್ದ ವಿನ್ಸ್ ಕ್ಲಾರ್ಕ್ ಕಟ್ಟಿದ ಹಾಡುಗಳಲ್ಲಿ ಸ್ವರಗಳು ಚುಟುಕು ಚುಟುಕು, ಸಣ್ಣ ಅಲುಗಾಟವಿದ್ದರೂ ಕಿವಿಗೆ ಸಿಕ್ಕುವುದಿಲ್ಲ. 1983ರ ‘ಕನ್‌ಸ್ಟ್ರಕ್ಷನ್ ಟೈಮ್ ಅಗೇನ್’ನಲ್ಲಿ ಕಟ್ಟಡ ಕಾಮಗಾರಿ ಜಾಗದಲ್ಲಿ ಹಿಡಿದು ತಂದ ಕಬ್ಬಿಣದ ಸದ್ದುಗಳೇ ಅಷ್ಟಿವೆ, ಅಲ್ಲೂ ತಪ್ಪು ಅಡಗಿಕೊಳ್ಳುತ್ತದೆ. ನಡುವಿನದೇ ತಕರಾರು. ಕ್ಲಾರ್ಕ್ ಬಿಟ್ಟುಹೋದ ಮೇಲೆ ಎಲ್ಲ ಹಾಡುಗಳನ್ನೂ ಮಾರ್ಟಿನ್ ಗೋರ್ ಬರೆದು, ಮೂವರೇ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ ನಿರ್ಮಾಪಕ ಡೇನಿಯಲ್ ಮಿಲ್ಲರ್ ಜೊತೆ ಕೂತು ಮಾಡಿದ 1982ರ ತಟ್ಟೆ ಅದು. ಜನ ಇದನ್ನು ಮೂಲೆಗೆ ತಳ್ಳುವುದೇ ಹೆಚ್ಚು. ನಮ್ಮ ಮಟ್ಟಿಗೆ ಮೂರರಲ್ಲಿ ಹೆಚ್ಚು ಸಲ ಕೇಳಬೇಕೆನಿಸುವುದು ಇದೇ. ನೀಳವಾಗಿ ಎಳೆದ ಸಿಂಥಸೈಜರ್ ಸ್ವರಗಳು ಇದರಲ್ಲಿ ಬೇಕಾದಷ್ಟು. ತಂಬೂರಿ ಶ್ರುತಿ ತಪ್ಪಿದರೆ ಹೇಗೆ ತಕ್ಷಣ ಗೊತ್ತಾಗುತ್ತದೋ ಇಲ್ಲೂ ಹಾಗೆಯೇ.

ತೊಳೆಯುವುದು, ಪ್ರೊಟ್ರಾಕ್ಟರ್ ಇಟ್ಟು ಕಾರ್ಟ್ರಿಜ್ ಕೂರಿಸುವುದು, ಮುಳ್ಳಿನ ಮೇಲೆ 2 ಗ್ರಾಂ ತೂಕ, ರೆಕಾರ್ಡಿಂಗ್ 96 ಕಿಲೋಹರ್ಟ್ಸ್ 24 ಬಿಟ್, ಪೀಕ್ ಮೈನಸ್ 6 ಡೆಸಿಬಲ್‌ನ ಕೆಳಗೆ: ಇದೆಲ್ಲ ನಿಮಗೆ ಗೊತ್ತಿರುವುದೇ. ನೇರ ರೋಗಕ್ಕೆ ಬರೋಣ.

ಬಿ ಸೈಡಿನ ಕೊನೆಯ ಹಾಡಿನಲ್ಲಿ ಸ್ವರ ಮೇಲೆ ಕೆಳಗೆ ತೂಗುತ್ತಿತ್ತು. ಸಿಂಥಸೈಜರ್‌ಗೆ ಯಾರೂ ಕಲಿಸದ ಗಮಕ. ಒಂದು ತೂಗಿಗೆ ಸರಿಯಾಗಿ 1.8 ಸೆಕೆಂಡು, ಅಂದರೆ 33⅓ ವೇಗದಲ್ಲಿ ತಟ್ಟೆಯ ಒಂದು ಸುತ್ತು. ಇನ್ನು ಅನುಮಾನವೇ ಬೇಡ, ತೂತು ನಡುವಿನಲ್ಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಮಾತ್ರ ನಿಜವಾಗಿ ನೆಲವೇ ಡೊಂಕು.

ಎಷ್ಟು ಡೊಂಕು ಎಂದು ಅಳೆಯಲು ಮುಳ್ಳನ್ನು ಕೊನೆಯ ಲಾಕ್ ಗ್ರೂವ್‌ನಲ್ಲಿ (ಹಾಡು ಮುಗಿದ ಮೇಲೆ ಮುಳ್ಳು ಸುತ್ತುತ್ತಲೇ ಇರುವ ಗೀಟು) ಸುತ್ತಲು ಬಿಟ್ಟು, ಹೆಡ್‌ಶೆಲ್ (ತೋಳಿನ ತುದಿ) ಹಿಂದೆ ಗ್ರಾಫ್ ಹಾಳೆ ನಿಲ್ಲಿಸಿ. ಹತ್ತು ಸುತ್ತು ನೋಡಿ. ತೋಳು ಆ ತುದಿಯಿಂದ ಈ ತುದಿಗೆ 1 ಮಿ.ಮೀ. ಓಲಾಡುತ್ತಿತ್ತು. ಓಲಾಟದ ಅರ್ಧ ತೂತಿನ ತಪ್ಪು, ಅಂದರೆ 0.5 ಮಿ.ಮೀ. ಶ್ರುತಿಯ ಏರುಪೇರು ಸಿಗಬೇಕೆಂದರೆ ಆ ತಪ್ಪನ್ನು ಮುಳ್ಳು ಇರುವ ತ್ರಿಜ್ಯದಿಂದ ಭಾಗಿಸಿ, 1731ರಿಂದ ಗುಣಿಸಿ, ಉತ್ತರ ಸೆಂಟ್‌ಗಳಲ್ಲಿ. ಹೊರ ಅಂಚಿನ 146 ಮಿ.ಮೀ.ಯಲ್ಲಿ ಆರು ಸೆಂಟೂ ಇಲ್ಲ, ಯಾರಿಗೂ ಕೇಳಿಸದು. ಒಳಗೆ 60 ಮಿ.ಮೀ.ಗೆ ಬಂದಾಗ 14.4 ಸೆಂಟ್ ಮೇಲೆ, ಅಷ್ಟೇ ಕೆಳಗೆ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ ಇರುವುದೇ 100 ಸೆಂಟ್. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೂಗು.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವುದೇ: ತೂತನ್ನು ಕೊಂಚ ದೊಡ್ಡದು ಮಾಡಿ, ತಟ್ಟೆಯನ್ನು ಬೆರಳಲ್ಲಿ ತಳ್ಳುತ್ತ ಮಧ್ಯಕ್ಕೆ ತರುವುದು. ಈಗಿನ ತೂತು ಸುಮಾರು 7.24 ಮಿ.ಮೀ. ಇದೆ. ಅರ್ಧ ಮಿಲಿಮೀಟರ್ ಸರಿಸಲು ಅದು 8.24 ಆಗಬೇಕು. ಕೈ ರೀಮರ್‌ನಲ್ಲಿ ಎರಡು ನಿಮಿಷದ ಕೆಲಸ. ಆದರೆ ಎ ಸೈಡಿನ ಓಲಾಟ ಬರೀ 0.3 ಮಿ.ಮೀ., ಅದೂ ಬೇರೆ ದಿಕ್ಕಿಗೆ. ತಟ್ಟೆ ಒತ್ತುವಾಗ ಎರಡು ಬದಿಗೂ ಬೇರೆ ಬೇರೆ ಸ್ಟ್ಯಾಂಪರ್ (ಅಚ್ಚು), ಎರಡಕ್ಕೂ ಬೇರೆ ಬೇರೆಯಾಗಿ ಮಧ್ಯ ಗುರುತಿಸಿ ತೂತು ಹೊಡೆದಿರುತ್ತಾರೆ. ಒಂದು ಬದಿಗೆ ಸರಿಮಾಡಿದ್ದು ಇನ್ನೊಂದು ಬದಿಗೆ ಸರಿಹೋಗುವುದಿಲ್ಲ. ತೂತು ದೊಡ್ಡದಾದ ಮೇಲೆ ಪ್ರತಿ ಸಲ ಎರಡು ಬದಿಗೂ ತಡಕಾಡುವುದು ಖಾಯಂ. ಜೊತೆಗೆ ಪ್ಲಾಸ್ಟಿಕ್ ಪುಡಿ ಗ್ರೂವ್‌ಗೆ ಇಳಿಯುತ್ತದೆ, ಮತ್ತೆ ಕೊರೆದದ್ದನ್ನು ಮುಚ್ಚುವಂತಿಲ್ಲ. ಕೈಬಿಟ್ಟದ್ದಾಯಿತು. 1980ರ ದಶಕದಲ್ಲಿ ಜಪಾನಿನ ನಾಕಮಿಚಿ ಕಂಪನಿ ಇದಕ್ಕೆಂದೇ ತಟ್ಟೆಯ ಮಧ್ಯವನ್ನು ತಾನೇ ಹುಡುಕಿ ಸರಿಸಿಕೊಳ್ಳುವ ಟಿಎಕ್ಸ್-1000 ಟರ್ನ್‌ಟೇಬಲ್ ಮಾಡಿತ್ತು. ಅದರ ಬೆಲೆ ಕೇಳುವುದಕ್ಕಿಂತ ಗಮಕವನ್ನೇ ಒಪ್ಪಿಕೊಳ್ಳುವುದು ಲೇಸು.

(ತೂತಿನ ಮಾತು ಬಂದದ್ದಕ್ಕೆ: ಮುಂದಿನ ಯೋಜನೆ ಜೂಕ್‌ಬಾಕ್ಸ್‌ನ ದೊಡ್ಡ ತೂತಿರುವ 45ರ ಪುಟ್ಟ ತಟ್ಟೆಗಳದ್ದು. ಅಲ್ಲಿ ಅಡಾಪ್ಟರ್ ಹೇಗೂ ಬೇಕು, ಅದನ್ನೇ ಎರಡು ಉಂಗುರಗಳಾಗಿ ಮಾಡಿದರೆ? ಒಂದರೊಳಗೊಂದು ತಿರುಗುವ ಉಂಗುರಗಳು, ಪ್ರತಿಯೊಂದರ ಮಧ್ಯವೂ 0.4 ಮಿ.ಮೀ. ಪಕ್ಕಕ್ಕೆ. ಎರಡನ್ನೂ ಎದುರುಬದುರು ತಿರುಗಿಸಿದರೆ ಸೊನ್ನೆ, ಒಂದೇ ದಿಕ್ಕಿಗೆ ತಿರುಗಿಸಿದರೆ 0.8, ನಡುವೆ ಯಾವ ದಿಕ್ಕಿಗಾದರೂ ಎಷ್ಟಾದರೂ. 3ಡಿ ಪ್ರಿಂಟ್‌ನಲ್ಲಿ ಗೋಡೆ ಎಷ್ಟು ತೆಳುವಾದರೆ ಮುರಿಯುತ್ತದೆ ಎಂಬುದೊಂದೇ ಚಿಂತೆ. ಇರಲಿ, ಹಾದಿಗೆ ಬರೋಣ.)

ಎರಡನೆಯ ಉಪಾಯ ಲೆಕ್ಕದ್ದು. ತಪ್ಪು ಗೊತ್ತು, ತ್ರಿಜ್ಯ ಗೊತ್ತು, ಸುತ್ತಿನ ಅವಧಿ ಗೊತ್ತು. ಹಾಗಿದ್ದರೆ ಏರುಪೇರು ಒಂದು ಸೈನ್ ಅಲೆ, ಅದರ ಉಲ್ಟಾ ಅಲೆಯಿಂದ ಫೈಲನ್ನು ಹಿಗ್ಗಿಸಿ ಕುಗ್ಗಿಸಿದರೆ ಮುಗಿಯಿತು. ಪೈಥಾನ್‌ನಲ್ಲಿ ಮೂವತ್ತು ಸಾಲು. ಮೊದಲ ಹಾಡಿನ ಆರಂಭ ಶುದ್ಧ. ಐದು ನಿಮಿಷ ಕಳೆಯುವ ಹೊತ್ತಿಗೆ ಮಾಡಿದ ರಿಪೇರಿಗೂ ಮಾಡದ್ದಕ್ಕೂ ವ್ಯತ್ಯಾಸವಿಲ್ಲ. ಕೊನೆಯ ಹಾಡು ಶುರುವಾಗುವಾಗ ತೂಗು ಎರಡರಷ್ಟು! ಮದ್ದೇ ರೋಗವಾಗಿತ್ತು.

ಕಾರಣ ತಿಳಿದಾಗ ಹಣೆ ಚಚ್ಚಿಕೊಳ್ಳುವಂತಾಯಿತು. ಸ್ಕ್ರಿಪ್ಟ್‌ನಲ್ಲಿ ಸುತ್ತಿಗೆ 1.8 ಸೆಕೆಂಡು ಎಂದು ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆದಿತ್ತು. ಟರ್ನ್‌ಟೇಬಲ್ ಬೆಲ್ಟಿನದು, ಮೋಟಾರ್ ಎಸಿ ಸಿಂಕ್ರೊನಸ್. ಅಂದರೆ ಅದು ತಿರುಗುವುದು ಕರೆಂಟಿನ ಫ್ರೀಕ್ವೆನ್ಸಿಯ ತಾಳಕ್ಕೆ. ನಮ್ಮ ಗ್ರಿಡ್ಡು 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕೆಂಬುದು ನಿಯಮ. 50.05 ಇದ್ದರೆ ತಟ್ಟೆ ಶೇ. 0.1ರಷ್ಟು ಜೋರು. ಕಿವಿಗೆ ಏನೂ ಅಲ್ಲ, ಎರಡು ಸೆಂಟೂ ಇಲ್ಲ. ಆದರೆ ಸುತ್ತಿನ ಲೆಕ್ಕದಲ್ಲಿ? 500 ಸುತ್ತಿಗೆ, ಅಂದರೆ 15 ನಿಮಿಷಕ್ಕೆ, ಅರ್ಧ ಸುತ್ತು ಮುಂದೆ ಹೋಗಿರುತ್ತದೆ. ಎಲ್ಲಿ ಕಳೆಯಬೇಕೋ ಅಲ್ಲಿ ಕೂಡುತ್ತಿದ್ದೇವೆ. ಐದೇ ನಿಮಿಷಕ್ಕೆ 60 ಡಿಗ್ರಿ ಜಾರಿದರೆ ಸಾಕು, ರಿಪೇರಿಯಿಂದ ಲಾಭ ಸೊನ್ನೆ. ಸರಾಸರಿ ಅವಧಿ ಹಾಕಿ ನೋಡಿದರೂ ನಿಲ್ಲಲಿಲ್ಲ, ಗ್ರಿಡ್ಡು ನಿಮಿಷ ನಿಮಿಷಕ್ಕೂ ತೂಗುತ್ತದೆ. ಮಧ್ಯೆ ಕರೆಂಟು ಹೋಗಿ ಇನ್ವರ್ಟರ್‌ಗೆ ಬಿದ್ದರಂತೂ ಅದರ ತಾಳವೇ ಬೇರೆ. ಲಂಡನ್ನಿನಲ್ಲಿ ಮಾಡಿದ ಹಾಡಿಗೆ ತಾಳ ಹಾಕುತ್ತಿದ್ದದ್ದು ಇಲ್ಲಿಯ ಗ್ರಿಡ್ಡು.

ದಾರಿ ತೋರಿಸಿದ್ದು ಒಂದು ಗೀರು. ಮಾರಿದವರು ‘ಮಿಂಟ್, ಒಂದೂ ಗೀರಿಲ್ಲ’ (ಮಿಂಟ್ ಎಂದರೆ ಹೊಚ್ಚಹೊಸದರಂತೆ) ಎಂದು ಬರೆದಿದ್ದ ತಟ್ಟೆ ಇದು. (ರಟ್ಟು ಕೂಡ ಇಡದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವವರಿಗೆ ಮಿಂಟ್ ಎಂದರೆ ಬಹುಶಃ ಪೆಪ್ಪರ್‌ಮಿಂಟ್.) ಬಿ ಸೈಡಿನ ಮೊದಲೆರಡು ಹಾಡುಗಳ ಉದ್ದಕ್ಕೂ ಅಡ್ಡ ಗೀರು, ಸುತ್ತಿಗೊಂದು ‘ಟಿಕ್’. ವೇವ್‌ಫಾರ್ಮ್‌ನಲ್ಲಿ ಆ ಟಿಕ್‌ಗಳ ನಡುವಿನ ಅಂತರ ಅಳೆದರೆ ತಟ್ಟೆ ತನ್ನ ನಿಜವಾದ ವೇಗವನ್ನು ತಾನೇ ಹೇಳುತ್ತಿದೆ. ಟಿಕ್ ಹಿಡಿದು ಲೆಕ್ಕ ಹಾಕಿದ ಎರಡು ಹಾಡೂ ಆರಂಭದಿಂದ ಕೊನೆವರೆಗೆ ನೆಟ್ಟಗೆ ನಿಂತವು. ಮೂರನೇ ಹಾಡಿಗೆ ಗೀರು ಮುಗಿಯಿತು. ತಟ್ಟೆಯ ಮೇಲೆ ಗೀರು ಸಾಲದು ಎಂದು ಬೇಸರವಾದದ್ದು ಇದೇ ಮೊದಲು.

ಹಾಗಾಗಿ ಗೀರಿನ ಕೆಲಸ ಸೆನ್ಸರ್‌ಗೆ: ಇನ್‌ಫ್ರಾರೆಡ್ ಬೆಳಕು ಬೀರಿ, ವಾಪಸು ಬಂದದ್ದನ್ನು ನೋಡಿ ಸುತ್ತಿಗೊಂದು ಪಲ್ಸು ಕೊಡುವುದು. ಟಿಸಿಆರ್‌ಟಿ5000 ಇನ್‌ಫ್ರಾರೆಡ್ ಮಾಡ್ಯೂಲ್, ಎಲ್‌ಎಂ393 ಚಿಪ್ ಇರುವುದು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಐದರಲ್ಲಿ ಎರಡರ ಪ್ರಿಸೆಟ್ ತಿರುಗಿಸಿದರೆ ಸುಮ್ಮನೆ ಸುತ್ತುತ್ತದೆ, ಒಂದರಲ್ಲಿ ಡಿಒ (ಡಿಜಿಟಲ್ ಔಟ್‌ಪುಟ್), ಎಒ (ಅನಲಾಗ್ ಔಟ್‌ಪುಟ್) ಅಚ್ಚು ಅದಲುಬದಲು. ಮಲ್ಟಿಮೀಟರ್ ಹಿಡಿಯದೆ ಜೋಡಿಸಬೇಡಿ. ಪ್ಲ್ಯಾಟರ್‌ನ (ತಟ್ಟೆ ಕೂರುವ ತಿರುಗುಫಲಕದ) ಪಕ್ಕದ ಅಂಚಿಗೆ ಎದುರಾಗಿ 2.5 ಮಿ.ಮೀ. ದೂರದಲ್ಲಿ ಕೂರಿಸಿ. ಮಾಡ್ಯೂಲಿನ 5 ವೋಲ್ಟ್ ನೇರ ಆಡಿಯೋ ಇಂಟರ್‌ಫೇಸ್‌ಗೆ ಹೋಗಬಾರದು. 100ಕೆ, 10ಕೆ ಹಾಕಿ ಇಳಿಸಿದರೆ 0.45 ವೋಲ್ಟ್. ಅದು ಮೂರನೇ ಇನ್‌ಪುಟ್‌ಗೆ, ಮೊದಲೆರಡು ಹಾಡಿನ ಎಡ, ಬಲಕ್ಕೆ. ಎರಡೇ ಇನ್‌ಪುಟ್ ಇರುವ ಇಂಟರ್‌ಫೇಸ್ ಇಲ್ಲಿ ನಡೆಯದು. ಪಲ್ಸನ್ನು ಬೇರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದರೆ ಎರಡು ಗಡಿಯಾರಗಳ ಜಗಳ ಬಿಡಿಸಬೇಕಾಗುತ್ತದೆ.

ಇಲ್ಲೇ ಎರಡು ದಿನ ಹಾಳಾದದ್ದು. ಬೆಳ್ಳಿ ಬಣ್ಣದ ಅಂಚಿಗೆ 10 ಮಿ.ಮೀ. ಅಗಲದ ಕಪ್ಪು ಇನ್ಸುಲೇಷನ್ ಟೇಪು ಹಚ್ಚಿದರೆ ಸುತ್ತಿಗೆ ಒಂದು ಪಲ್ಸು, ಸುಮಾರು 19 ಮಿಲಿಸೆಕೆಂಡಿನದು, ಬರಬೇಕು. ಬರಲಿಲ್ಲ. ಹೊಳೆಯುವ ಟೇಪು ಇನ್‌ಫ್ರಾರೆಡ್ಡನ್ನು ಕನ್ನಡಿಯ ಹಾಗೆ ವಾಪಸು ಕಳಿಸುತ್ತದೆ. ಕಪ್ಪು ಮಾರ್ಕರ್ ಬಳಿದರೂ ಅಷ್ಟೇ. ಹಲವು ಮಾರ್ಕರ್‌ಗಳ ಬಣ್ಣ ನಮ್ಮ ಕಣ್ಣಿಗೆ ಕಪ್ಪು, ಇನ್‌ಫ್ರಾರೆಡ್‌ಗೆ ಗಾಜು. ಬೇಕಾದದ್ದು ಇಂಗಾಲ. ಮನೆಯಲ್ಲಿ ಇಂಗಾಲ ಎಲ್ಲಿದೆ? ಕಾಡಿಗೆ ಡಬ್ಬಿಯಲ್ಲಿ. ಕಾಗದದ ಚೂರಿಗೆ ತೆಳ್ಳಗೆ ಸವರಿ, ಒರೆಸಿ ಮಂಕು ಮಾಡಿ, ಅಂಚಿಗೆ ಅಂಟಿಸಿದ್ದೇ ತಡ, ಪಲ್ಸು ಗಡಿಯಾರದಂತೆ ಬಡಿಯತೊಡಗಿತು. ಎಳೆಮಗುವಿನ ಕೆನ್ನೆಗೆ ಇಟ್ಟ ಹಾಗೆ ಪ್ಲ್ಯಾಟರ್‌ಗೂ ಒಂದು ದೃಷ್ಟಿಬೊಟ್ಟು. ಸೆನ್ಸರ್ ಸುತ್ತ ಕಪ್ಪು ಕಾಗದದ ಕೊಳವೆ ಮರೆಯದೆ ಹಾಕಿ, ಇಲ್ಲದಿದ್ದರೆ ಟ್ಯೂಬ್‌ಲೈಟಿನ 100 ಹರ್ಟ್ಸ್ ಮಿಣುಕು ನಡುವೆ ತಲೆಹಾಕುತ್ತದೆ.

ಪಲ್ಸ್ ಸಿಕ್ಕ ಮೇಲೆ ಸೂತ್ರ ಒಂದೇ ಸಾಲಿಗೆ ಇಳಿಯಿತು. ಯಾವುದೇ ಸ್ಯಾಂಪಲ್‌ನ ನಿಜವಾದ ಕಾಲ ಎಂದರೆ ಅಲ್ಲಿವರೆಗಿನ ಸುತ್ತುಗಳ ಸಂಖ್ಯೆ (ಭಿನ್ನ ಸಮೇತ) ಗುಣಿಸು 1.8 ಸೆಕೆಂಡು, ಅದಕ್ಕೆ 286.5 ಮಿಲಿಸೆಕೆಂಡು, ತಪ್ಪು ಭಾಗಿಸು ತ್ರಿಜ್ಯ, ಕೋನದ ಸೈನ್, ಈ ಮೂರರ ಗುಣಲಬ್ಧ ಕೂಡಿಸಿ. 60 ಮಿ.ಮೀ. ತ್ರಿಜ್ಯದಲ್ಲಿ ಇದು 2.4 ಮಿಲಿಸೆಕೆಂಡಿನ ಹಿಂದು ಮುಂದು. ಗ್ರಿಡ್ಡಿನ ತೂಗು ಮೊದಲ ಭಾಗದಲ್ಲೇ ತೊಳೆದುಹೋಗುತ್ತದೆ, ಬೋನಸ್ಸು. ತ್ರಿಜ್ಯವನ್ನು ಪ್ರತಿ ಹಾಡಿನ ಆರಂಭದಲ್ಲಿ ಸ್ಕೇಲಿಟ್ಟು ಅಳೆದು ನಡುವೆ ಗೆರೆ ಎಳೆದರೆ ಸಾಕು. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

ಕೋನ ಎಲ್ಲಿಂದ ಶುರು ಎಂಬುದಕ್ಕೆ ಫೋನಿನ ವಿಡಿಯೋ. ತೋಳು ತೀರಾ ಹೊರಗೆ ಸರಿದ ಕ್ಷಣದಲ್ಲಿ ಶ್ರುತಿ ಅತಿ ಮೇಲೆ ಇರುತ್ತದೆ, ಯಾಕೆಂದರೆ ಆಗ ಗ್ರೂವ್ ಮುಳ್ಳಿನಡಿ ಅತಿ ವೇಗವಾಗಿ ಹಾಯುತ್ತದೆ. 30 ಫ್ರೇಮಿನ ವಿಡಿಯೋದಲ್ಲಿ ಒಂದು ಸುತ್ತಿಗೆ 54 ಫ್ರೇಮು, ಅಂದರೆ ಫ್ರೇಮಿಗೆ 6.7 ಡಿಗ್ರಿ. ಬೊಟ್ಟು ಸೆನ್ಸರ್ ದಾಟಿದ ಮೇಲೆ ತೋಳು ಹೊರತುದಿ ಮುಟ್ಟಲು ಎಷ್ಟು ಫ್ರೇಮು ಎಂದು ಎಣಿಸಿ. ಅಷ್ಟು ಆದ ಮೇಲೆ ತಪ್ಪನ್ನು 0.40ರಿಂದ 0.60ರವರೆಗೆ 0.02ರಂತೆ, ಕೋನವನ್ನು ಅಕ್ಕಪಕ್ಕ 5 ಡಿಗ್ರಿಯಂತೆ ಬದಲಿಸುತ್ತ, ಒಂದು ನೀಳ ಸ್ವರದ ಏರುಪೇರು ಎಲ್ಲಿ ಅತಿ ಕಡಿಮೆ ಎಂದು ಸ್ಕ್ರಿಪ್ಟೇ ಹುಡುಕಲಿ. ಸ್ವರ ಆರಿಸುವಾಗ ಒಂದು ಹಳ್ಳವಿದೆ: ಕೋರಸ್ ಎಫೆಕ್ಟ್ (ಸ್ವರವನ್ನು ಬೇಕೆಂದೇ ತೂಗಿಸುವುದು) ಹಾಕಿದ ಸಿಂಥ್ ಸ್ವರವೂ ಅರ್ಧ ಹರ್ಟ್ಸ್ ಆಸುಪಾಸಿನಲ್ಲೇ ತೂಗಬಹುದು. ಎಡ, ಬಲ ಎರಡನ್ನೂ ಬೇರೆ ಬೇರೆ ನೋಡಿ. ತೂತಿನ ತಪ್ಪಾದರೆ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಸ್ಟೀರಿಯೋ ಕೋರಸ್ ಸಾಮಾನ್ಯವಾಗಿ ಎದುರುಬದುರು.

ರೀಸ್ಯಾಂಪ್ಲಿಂಗ್‌ನಲ್ಲಿ (ಫೈಲನ್ನು ಹಿಗ್ಗಿಸಿ ಕುಗ್ಗಿಸುವಾಗ) ಲೀನಿಯರ್ ಇಂಟರ್‌ಪೊಲೇಷನ್‌ಗೆ, ಅಂದರೆ ಎರಡು ಸ್ಯಾಂಪಲ್‌ಗಳ ನಡುವೆ ನೇರ ಗೆರೆ ಎಳೆಯುವುದಕ್ಕೆ, ಮಾತ್ರ ಕೈಹಾಕಬೇಡಿ. 44.1 ಕಿಲೋಹರ್ಟ್ಸ್ ಫೈಲಿನಲ್ಲಿ ಸ್ಯಾಂಪಲ್‌ಗಳ ನಟ್ಟನಡುವೆ ಬಿದ್ದಾಗ 15 ಕಿಲೋಹರ್ಟ್ಸ್ ಸುಮಾರು 6 ಡೆಸಿಬಲ್ ಕಳೆದುಕೊಳ್ಳುತ್ತದೆ, ಸ್ಯಾಂಪಲ್ ಮೇಲೇ ಬಿದ್ದಾಗ ಏನೂ ಕಳೆಯುವುದಿಲ್ಲ. ಈ ಏರಿಳಿತ ಡ್ರಮ್ ಮಷೀನಿನ ಹೈ-ಹ್ಯಾಟ್‌ಗೆ ಮರಳು ಬೆರೆಸುತ್ತದೆ. 96ರಲ್ಲೇ ಇರಿ, ವಿಂಡೋ ಹಾಕಿದ ಸಿಂಕ್ (sinc) ಇಂಟರ್‌ಪೊಲೇಷನ್ ಬಳಸಿ. ಡಿಕ್ಲಿಕ್ (ಟಿಕ್ ಸದ್ದು ತೆಗೆಯುವುದು) ಇದಕ್ಕೂ ಮೊದಲು, ಆದರೆ ಮೂಲ ಫೈಲನ್ನು ಮುಟ್ಟದೆ.

ಸರಿಯಾಗಿದೆಯೇ ಎಂದು ತಿಳಿಯಲು 2006ರಲ್ಲಿ ಬಂದ ರಿಮಾಸ್ಟರ್ ಉಪಯೋಗಕ್ಕೆ ಬಂತು. ‘ಅದೇ ಇರುವಾಗ ಈ ಪಾಡೇಕೆ’ ಎಂದು ಕೇಳುವವರಿಗೆ ಇಷ್ಟೇ: ಅಡುಗೆ ಮಾಡುವವರಿಗೆ ಹೋಟೆಲ್ ಇದೆಯಲ್ಲ ಅನ್ನಬಾರದು. ಸಿಡಿಯನ್ನೂ ನಮ್ಮ ಫೈಲನ್ನೂ ಒಂದೊಂದು ಸೆಕೆಂಡಿನ ತುಂಡು ಮಾಡಿ ಕ್ರಾಸ್ ಕೋರಿಲೇಷನ್ (ಒಂದನ್ನು ಸರಿಸುತ್ತ ಇನ್ನೊಂದಕ್ಕೆ ಎಲ್ಲಿ ಹೊಂದುತ್ತದೆಂದು ನೋಡುವ ಲೆಕ್ಕ) ನಡೆಸಿದರೆ ಎಷ್ಟು ಹಿಂದೆ ಮುಂದೆ ಎಂಬ ಗೆರೆ ಸಿಗುತ್ತದೆ. ರಿಪೇರಿಗೆ ಮುಂಚೆ ಆ ಗೆರೆ 1.8 ಸೆಕೆಂಡಿಗೊಂದು ಅಲೆಯಾಗಿ ಕುಣಿಯುತ್ತಿತ್ತು, ಒಳಕ್ಕೆ ಹೋದಂತೆ ಅಲೆ ದೊಡ್ಡದು. ಈಗ ಕೊನೆಯ ಹಾಡಿನಲ್ಲೂ ನೇರ ಗೆರೆ, ಸಣ್ಣ ನಡುಕ ಮಾತ್ರ.

ಎ ಸೈಡು ಬಾಕಿ. ತಟ್ಟೆ ಮಗುಚಿದರೆ ಕೋನ, ತಪ್ಪು ಎರಡೂ ಹೊಸದಾಗಿ ಹುಡುಕಬೇಕು. ಅದೇ ಬದಿಯನ್ನು ಎತ್ತಿ ಮತ್ತೆ ಇಟ್ಟರೂ ಬೇಕು, ಸ್ಪಿಂಡಲ್‌ಗೂ ತೂತಿಗೂ ನಡುವೆ ಕೂದಲೆಳೆಯಷ್ಟು ಆಟ ಇದ್ದೇ ಇದೆ. ಅದಕ್ಕೇ ವಿಡಿಯೋ, ರೆಕಾರ್ಡಿಂಗ್ ಎರಡೂ ಒಂದೇ ಸಲದ ಓಟದಲ್ಲಿ ಆಗಲಿ. ಉಂಗುರದ ಅಡಾಪ್ಟರ್‌ನ ಮೊದಲ ಪ್ರಿಂಟು ಗೋಡೆ 1.2 ಮಿ.ಮೀ. ಇಟ್ಟು ಕಳಿಸಿದ್ದಾಗಿದೆ, ಪ್ರಿಂಟ್ ಮಾಡುವವರು ‘ನಾಳೆ’ ಅಂದಿದ್ದಾರೆ. ಅವರ ನಾಳೆ ಯಾವ ಗ್ರಿಡ್ಡಿನ ತಾಳಕ್ಕೆ ನಡೆಯುತ್ತದೋ ನೋಡಬೇಕು.