ಬರೇಸಿಯೋ, ವಾನ್ ಡೈಕೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಫುಟ್‌ಬಾಲ್ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆ ನನಗೆ ಎದುರಾಗುತ್ತದೆ: ಎಲ್ಲ ಕಾಲಕ್ಕೂ ಶ್ರೇಷ್ಠ ಡಿಫೆಂಡರ್ (ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನು) ಯಾರು? 1980-90ರ ದಶಕಗಳಲ್ಲಿ ಮಿಲಾನ್ ಮತ್ತು ಇಟಲಿಗೆ ಆಡಿದ ಫ್ರಾಂಕೊ ಬರೇಸಿಯೋ, ಈ ಕಾಲದ ಲಿವರ್‌ಪೂಲ್ ಆಟಗಾರ ವರ್ಜಿಲ್ ವಾನ್ ಡೈಕೋ? ಕೇಳುವವರಲ್ಲಿ ಹೆಚ್ಚಿನವರು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ನನ್ನಿಂದ ಬೇಕಾಗಿರುವುದು ಸಹಿ ಮಾತ್ರ. ವಯಸ್ಸಾದವರು ಈಗಿನವರಿಗೆ ಟ್ಯಾಕಲ್ ಮಾಡಲು, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು, ಬರುವುದಿಲ್ಲ ಎನ್ನುತ್ತಾರೆ. ಹುಡುಗರು ಹಳಬರನ್ನು ಈಗಿನ ವೇಗದ ಮುಂದೆ ಹತ್ತು ನಿಮಿಷ ನಿಲ್ಲಿಸಿ ನೋಡಿ ಎಂದು ಸವಾಲು ಹಾಕುತ್ತಾರೆ. ನನ್ನ ಉತ್ತರ ಬರೇಸಿ. ಆದರೆ ಈ ಎರಡೂ ಗುಂಪಿನ ಕಾರಣಗಳನ್ನು ನಾನು ಒಪ್ಪುವುದಿಲ್ಲ.

ಗೋಲು ಹೊಡೆಯುವವರನ್ನು ಹೋಲಿಸಲು ಎಣಿಸುವುದಕ್ಕೆ ಗೋಲುಗಳಾದರೂ ಇವೆ. ಡಿಫೆಂಡರ್‌ನ ಒಳ್ಳೆಯ ಕೆಲಸವೆಲ್ಲ ನಡೆಯದೇ ಹೋದದ್ದರಲ್ಲಿ ಇರುತ್ತದೆ: ಎದುರಾಳಿ ಕೊಡಲು ಹೆದರಿದ ಪಾಸು, ಓಡಲು ಹೊರಟು ಕೈಬಿಟ್ಟ ಓಟ. ಪ್ರಶಸ್ತಿ ಕೊಡುವವರಿಗೂ ಇದು ಕಾಣುವುದಿಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ 1956ರಿಂದ ಇದೆ. ಅದನ್ನು ಗೆದ್ದ ಡಿಫೆಂಡರ್‌ಗಳು ಬೆಕೆನ್‌ಬವರ್, ಮಥಿಯಾಸ್ ಸಾಮರ್ ಮತ್ತು ಫಾಬಿಯೊ ಕನ್ನವಾರೊ, ಮೂವರೇ. ನಮ್ಮ ಪ್ರಶ್ನೆಯ ಇಬ್ಬರೂ ಎರಡನೇ ಸ್ಥಾನದಲ್ಲಿ ಉಳಿದವರು. ಬರೇಸಿ 1989ರಲ್ಲಿ ತಮ್ಮದೇ ತಂಡದ ವಾನ್ ಬಾಸ್ಟನ್ ಹಿಂದೆ, ವಾನ್ ಡೈಕ್ 2019ರಲ್ಲಿ ಮೆಸ್ಸಿಗಿಂತ ಏಳು ಅಂಕ ಹಿಂದೆ.

ಹಾಗಾದರೆ ಬಿಟ್ಟುಕೊಟ್ಟ ಗೋಲುಗಳನ್ನು ಎಣಿಸಬಹುದಲ್ಲ ಎಂದು ಕೇಳುತ್ತಾರೆ. ಎಣಿಸೋಣ. 1993-94ರ ಇಟಲಿ ಲೀಗ್‌ನಲ್ಲಿ ಮಿಲಾನ್ 34 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 15 ಗೋಲು. ಆ ಡಿಫೆಂಡರ್‌ಗಳ ಸಾಲಿನ ನಾಯಕ ಬರೇಸಿ. ಈ ಅಂಕಿ ಅವರದೇ ಎಂದು ಹೇಳಲು ಆಸೆಯಾಗುತ್ತದೆ. ಆದರೆ 1994ರ ಮೇ 18ರಂದು ಅಥೆನ್ಸ್‌ನಲ್ಲಿ ಯುರೋಪಿನ ಕ್ಲಬ್‌ಗಳ ಕಪ್ ಫೈನಲ್ ನಡೆದಾಗ ಬರೇಸಿ ಮತ್ತು ಅವರ ಜೊತೆಗಾರ ಡಿಫೆಂಡರ್ ಕೋಸ್ಟಕುರ್ತಾ ಇಬ್ಬರೂ ಅಮಾನತಾಗಿ ಹೊರಗಿದ್ದರು. ಮಧ್ಯದಲ್ಲಿ ಮಾಲ್ದೀನಿ ಮತ್ತು ಫಿಲಿಪ್ಪೊ ಗಾಲಿ ನಿಂತರು. ಎದುರಿಗಿದ್ದದ್ದು ರೊಮಾರಿಯೊ, ಸ್ಟೊಯ್ಚ್‌ಕೋವ್ ಇದ್ದ ಬಾರ್ಸಿಲೋನಾ. ಫಲಿತಾಂಶ ಮಿಲಾನ್ 4, ಬಾರ್ಸಿಲೋನಾ 0. ಅಂದರೆ ಬಿಟ್ಟುಕೊಟ್ಟ ಗೋಲಿನ ಲೆಕ್ಕ ಇಡೀ ಸಾಲಿನದು, ಅದರ ಮುಂದೆ ನಿಂತ ಮಿಡ್‌ಫೀಲ್ಡರ್ ಮಾರ್ಸೆಲ್ ದೆಸಾಯಿಯಂಥವರದು, ಗೋಲ್‌ಕೀಪರ್‌ನದು. ಅದನ್ನು ಒಬ್ಬನ ಹೆಸರಿಗೆ ಬರೆಯಲಾಗದು.

ಒಬ್ಬನೇ ಆಟಗಾರನ ಅಂಕಿಗಳೂ ಇವೆಯಲ್ಲ? ಇವೆ, ಈಗಿನವರಿಗೆ ಮಾತ್ರ. 2018ರ ಮಾರ್ಚ್‌ನಿಂದ 2019ರ ಆಗಸ್ಟ್‌ವರೆಗೆ ಪ್ರೀಮಿಯರ್ ಲೀಗ್‌ನಲ್ಲಿ ಒಬ್ಬ ಆಟಗಾರನೂ ವಾನ್ ಡೈಕ್ ಅವರನ್ನು ಡ್ರಿಬಲ್ ಮಾಡಿ (ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು) ದಾಟಿರಲಿಲ್ಲ. ಕೊನೆಗೆ ದಾಟಿದವರು ಆರ್ಸೆನಲ್‌ನ ನಿಕೊಲಾಸ್ ಪೆಪೆ. ಬೆರಗು ಹುಟ್ಟಿಸುವ ಮಾತೇ ಸರಿ. ಆದರೆ 1960-70ರ ದಶಕಗಳಲ್ಲಿ ಇಂಗ್ಲೆಂಡ್‌ನ ಡಿಫೆಂಡರ್ ಬಾಬಿ ಮೂರ್ ಆಡುವಾಗ ಇದನ್ನು ಯಾರೂ ಎಣಿಸುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ತಕ್ಕಡಿ ಇದೆ, ಇನ್ನೊಬ್ಬರ ಮನೆಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಮೊದಲನೆಯವರ ಬೆಳೆ ಹೆಚ್ಚು ಎನ್ನಲಾಗದು.

ನಾನು ಮೊದಲು ನೋಡುವುದು ನಿಯಮ ಪುಸ್ತಕವನ್ನು. ಡಿಫೆಂಡರ್‌ನ ಕೆಲಸವನ್ನು ತರಬೇತುದಾರರಿಗಿಂತ ಹೆಚ್ಚಾಗಿ ಬದಲಿಸಿದ್ದು ಅದೇ. 1992ರ ಬೇಸಿಗೆಯವರೆಗೆ ಒತ್ತಡಕ್ಕೆ ಸಿಕ್ಕ ಡಿಫೆಂಡರ್‌ಗೆ ಸುಲಭದ ಒಂದು ಬಾಗಿಲಿತ್ತು: ಚೆಂಡನ್ನು ಹಿಂದಕ್ಕೆ ತಳ್ಳಿದರೆ ಗೋಲ್‌ಕೀಪರ್ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರು. ಮುಗಿಯಿತು. ಎಂಥ ವೇಗದ ಫಾರ್ವರ್ಡ್ ಬಂದರೂ ಅಷ್ಟೇ. 1990ರ ಇಟಲಿ ವಿಶ್ವಕಪ್‌ನಲ್ಲಿ 52 ಪಂದ್ಯಗಳಿಗೆ ಕೇವಲ 115 ಗೋಲು ಬಂದದ್ದಕ್ಕೆ ಈ ಬಾಗಿಲೂ ಒಂದು ಕಾರಣ. 1992ರ ಯುರೋ ಟೂರ್ನಿಯನ್ನು ಡೆನ್ಮಾರ್ಕ್ ಗೆದ್ದಾಗ ಚೆಂಡು ಎಷ್ಟು ಸಲ ಪೀಟರ್ ಷ್ಮೈಕೆಲ್ ಕೈಗೆ ಮರಳಿತು ಎಂಬುದನ್ನು ಇಂದು ಕೂತು ನೋಡಿದರೆ ಸಹನೆ ಕೆಡುತ್ತದೆ. ಆ ಟೂರ್ನಿಯ ಬೆನ್ನಿಗೇ ನಿಯಮ ಬದಲಾಯಿತು. ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ತನ್ನ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುವ ಡಿಫೆಂಡರ್‌ಗೆ ಕಾಲಿನಲ್ಲೇ ಉತ್ತರ ಇರಬೇಕಾಯಿತು. ಇಂದಿನ ಡಿಫೆಂಡರ್ ಇಷ್ಟು ಚೆನ್ನಾಗಿ ಪಾಸ್ ಕೊಡುತ್ತಾನೆ ಎಂದರೆ ಅದರ ಬೇರು ಇಲ್ಲಿದೆ. 2019ರಲ್ಲಿ ಗೋಲ್ ಕಿಕ್ ಚೆಂಡು ಪೆನಾಲ್ಟಿ ಪ್ರದೇಶದ ಹೊರಗೆ ಹೋಗಲೇಬೇಕೆಂಬ ಷರತ್ತನ್ನೂ ತೆಗೆದ ಮೇಲೆ ಆಟ ಗೋಲಿನ ಬುಡದಿಂದಲೇ ಶುರುವಾಗತೊಡಗಿತು.

ಸಹ ಆಟಗಾರ ಚೆಂಡು ಕೊಡುವಾಗ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಕಡೆ ನಿಂತಿರುವುದು ತಪ್ಪು ಎನ್ನುವ ನಿಯಮ ಆಫ್‌ಸೈಡ್. ಆ ವಿಷಯದಲ್ಲಿ ಬರೇಸಿಗೆ ಸಿಕ್ಕ ಅನುಕೂಲವನ್ನು ಅವರ ಅಭಿಮಾನಿಗಳು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ತರಬೇತುದಾರ ಅರಿಗೊ ಸಾಕ್ಕಿ 1987ರಲ್ಲಿ ಮಿಲಾನ್‌ಗೆ ಬಂದು ಕಟ್ಟಿದ ಆಟದಲ್ಲಿ ತಸ್ಸೊತ್ತಿ, ಕೋಸ್ಟಕುರ್ತಾ, ಬರೇಸಿ, ಮಾಲ್ದೀನಿ ನಾಲ್ವರೂ ಒಂದೇ ಗೆರೆಯಲ್ಲಿ ಮೇಲೇರುತ್ತಿದ್ದರು. ಬರೇಸಿ ಕೈ ಎತ್ತಿದರೆ ಲೈನ್ಸ್‌ಮನ್ ಬಾವುಟವೂ ಏಳುತ್ತಿತ್ತು. ಆಗ ಕೊನೆಯಿಂದ ಎರಡನೇ ಎದುರಾಳಿಯ ಸಮಕ್ಕೆ ನಿಂತವನೂ ಆಫ್‌ಸೈಡ್. 1990ರಿಂದ ಸಮಕ್ಕೆ ನಿಂತವನು ಸರಿ ಎಂದಾಯಿತು. ಚೆಂಡಿಗೆ ಸಂಬಂಧವಿಲ್ಲದೆ ಮುಂದೆ ನಿಂತವನಿಗೂ ಆ ದಿನಗಳಲ್ಲಿ ಬಾವುಟ ಏಳುವುದು ಸಾಮಾನ್ಯ. 2005ರ ಸ್ಪಷ್ಟೀಕರಣದ ನಂತರ ಅಂಥವನನ್ನು ಬಿಟ್ಟು, ಹಿಂದಿನಿಂದ ಓಡಿಬಂದವನಿಗೆ ಚೆಂಡು ಕೊಡುವುದು ಒಂದು ಕಲೆಯೇ ಆಯಿತು. ಸಾಕ್ಕಿಯ ಈ ಆಫ್‌ಸೈಡ್ ಬಲೆಯನ್ನು ಇಂದು ಹಾಗೆಯೇ ಹಾಕಿದರೆ ಪಂದ್ಯಕ್ಕೆ ಎರಡು ಸಲ ಹರಿದುಹೋಗುತ್ತದೆ.

ಹಳಬರಿಗೆ ಸಿಕ್ಕ ಇನ್ನೊಂದು ರಿಯಾಯಿತಿ ಒರಟುತನ. ಹಳದಿ, ಕೆಂಪು ಕಾರ್ಡುಗಳು ವಿಶ್ವಕಪ್‌ಗೆ ಬಂದದ್ದು 1970ರಲ್ಲಿ. ಎದುರಾಳಿಗೆ ಅಪಾಯವಾಗುವಂತೆ ಹಿಂದಿನಿಂದ ಟ್ಯಾಕಲ್ ಮಾಡಿದರೆ ನೇರ ಕೆಂಪು ಎಂದು ಗಟ್ಟಿಯಾಗಿ ಹೇಳಿದ್ದು 1998ರಲ್ಲಿ. ಇವೆರಡರ ನಡುವೆ 1982ರ ವಿಶ್ವಕಪ್‌ನ ಇಟಲಿ-ಅರ್ಜೆಂಟೀನಾ ಪಂದ್ಯ ಬರುತ್ತದೆ. ಆ ದಿನ ಮರಡೋನಾ ಮೇಲೆ 23 ಫೌಲ್‌ಗಳಾದವು. ಅವರನ್ನು ನೆರಳಿನಂತೆ ಹಿಂಬಾಲಿಸಿದ ಕ್ಲಾಡಿಯೊ ಜೆಂಟಿಲೆಗೆ ಸಿಕ್ಕಿದ್ದು ಒಂದು ಹಳದಿ ಕಾರ್ಡ್. ಮುಂದಿನ ಪಂದ್ಯದಲ್ಲಿ ಅವರ ಹಿಡಿತದಲ್ಲಿ ಬ್ರೆಜಿಲ್‌ನ ಝೀಕೊ ಅವರ ಅಂಗಿಯೇ ಹರಿಯಿತು. ಇಂದಿನ ರೆಫರಿಯ ಎದುರು ಈ ಜೆಂಟಿಲೆ ಮಧ್ಯಂತರಕ್ಕೆ ಮೊದಲೇ ಸ್ನಾನಕ್ಕೆ ಹೋಗಿರುತ್ತಿದ್ದರು.

ಆದರೆ ಅದೇ ಇಟಲಿ ತಂಡದಲ್ಲಿ, ಅದೇ ನಿಯಮದಡಿ, ಜೆಂಟಿಲೆಯ ಹಿಂದೆಯೇ ಗಯೆಟಾನೊ ಶಿರೇಯಾ ನಿಂತಿದ್ದರು. ತಮ್ಮ ಇಡೀ ವೃತ್ತಿಜೀವನದಲ್ಲಿ ಅವರು ಒಮ್ಮೆಯೂ ಮೈದಾನದಿಂದ ಹೊರಹಾಕಿಸಿಕೊಂಡವರಲ್ಲ. ಕಾಲ ಕೊಟ್ಟ ರಿಯಾಯಿತಿಯನ್ನು ಅವರು ಬಳಸಲೇ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. ನನ್ನ ಅಳತೆ ಇಷ್ಟೇ: ಆಯಾ ಕಾಲದ ನಿಯಮ ಕೊಟ್ಟ ಊರುಗೋಲನ್ನು ಕಿತ್ತುಕೊಂಡ ಮೇಲೆ ಆಟಗಾರನಲ್ಲಿ ಏನು ಉಳಿಯುತ್ತದೆ? ಜೆಂಟಿಲೆಯಲ್ಲಿ ಅರ್ಧ ಹೋಗುತ್ತದೆ. ಶಿರೇಯಾ ಅವರಲ್ಲಿ ಎಲ್ಲವೂ ಉಳಿಯುತ್ತದೆ.

ಉಳಿಯುವುದು ಏನು ಎಂಬುದಕ್ಕೆ ಎರಡು ಕ್ಷಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇವೆರಡರ ನಡುವೆ ಸುಮಾರು ಅರ್ಧ ಶತಮಾನವಿದೆ. ಮೊದಲನೆಯದು 1970ರ ಜೂನ್ 7, ಮೆಕ್ಸಿಕೊದ ಗ್ವಾಡಲಹಾರಾ, ಬ್ರೆಜಿಲ್-ಇಂಗ್ಲೆಂಡ್. ಜೈರ್ಜಿನ್ಹೊ ಚೆಂಡಿನೊಂದಿಗೆ ನುಗ್ಗಿ ಬರುತ್ತಿದ್ದಾರೆ. ಬಾಬಿ ಮೂರ್ ಹಿಂದೆ ಸರಿಯುತ್ತಾರೆ, ಇನ್ನೂ ಸರಿಯುತ್ತಾರೆ. ಪೆನಾಲ್ಟಿ ಪ್ರದೇಶದೊಳಗೆ, ಒಂದು ಗೇಣು ತಪ್ಪಿದರೂ ಪೆನಾಲ್ಟಿಯಾಗುವ ಜಾಗದಲ್ಲಿ ಬಲಗಾಲು ಚಾಚಿ ಚೆಂಡನ್ನಷ್ಟೇ ತೆಗೆದುಕೊಂಡು, ಎದ್ದು, ಏನೂ ಆಗಿಲ್ಲವೆಂಬಂತೆ ಅದರೊಂದಿಗೆ ಹೊರಟುಬಿಡುತ್ತಾರೆ. (ಆ ಪಂದ್ಯದ ಏಕೈಕ ಗೋಲು ಹೊಡೆದವರು ಅದೇ ಜೈರ್ಜಿನ್ಹೊ. ಡಿಫೆಂಡರ್‌ನ ಹಣೆಬರಹವೇ ಹಾಗೆ.)

ಎರಡನೆಯದು 2019ರ ಮಾರ್ಚ್ 31, ಆನ್‌ಫೀಲ್ಡ್, ಲಿವರ್‌ಪೂಲ್-ಟಾಟನ್‌ಹ್ಯಾಮ್, 1-1, ಪಂದ್ಯ ಮುಗಿಯುತ್ತ ಬಂದಿದೆ. ಮೂಸಾ ಸಿಸ್ಸೊಕೊ ಮತ್ತು ಸನ್ ಹ್ಯುಂಗ್-ಮಿನ್ ಇಬ್ಬರೇ ಗೋಲಿನತ್ತ ಓಡುತ್ತಿದ್ದಾರೆ, ಅಡ್ಡ ಇರುವುದು ವಾನ್ ಡೈಕ್ ಒಬ್ಬರೇ. ಅವರು ಯಾರ ಮೇಲೂ ಬೀಳುವುದಿಲ್ಲ. ಸನ್‌ಗೆ ಹೋಗಬಹುದಾದ ಪಾಸಿನ ದಾರಿಯಲ್ಲಿ ಮೈ ಇಟ್ಟುಕೊಂಡು ಹಿಂದೆ ಸರಿಯುತ್ತಾರೆ. ಇಬ್ಬರಲ್ಲಿ ಗೋಲು ಹೊಡೆಯುವುದು ಯಾರಿಗೆ ಚೆನ್ನಾಗಿ ಬರುತ್ತದೆ ಎಂಬುದು ಅವರಿಗೆ ಗೊತ್ತು. ಕೊನೆಗೆ ಸಿಸ್ಸೊಕೊ ತಮಗೆ ಒಗ್ಗದ ಎಡಗಾಲಿನಲ್ಲಿ ಒದೆಯುತ್ತಾರೆ. ಚೆಂಡು ಗೋಲಿನ ಮೇಲೆ ಹಾರಿ ಹೋಗುತ್ತದೆ. ಲಿವರ್‌ಪೂಲ್ 2-1ರಿಂದ ಗೆಲ್ಲುತ್ತದೆ. ಟ್ಯಾಕಲ್ ಇಲ್ಲ, ಚೆಂಡು ತಡೆದದ್ದೂ ಇಲ್ಲ, ಅಂಕಿ ಪಟ್ಟಿಯಲ್ಲಿ ವಾನ್ ಡೈಕ್ ಹೆಸರಿನ ಮುಂದೆ ಬರೆಯಲು ಏನೂ ಇಲ್ಲ.

ಚೆಂಡು ಬೇರೆ, ಹುಲ್ಲು ಬೇರೆ, ನಿಯಮ ಬೇರೆ. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕಾಯುವುದು, ಕಾಯುತ್ತಲೇ ಎದುರಾಳಿಯನ್ನು ತಮಗೆ ಬೇಕಾದ ಕಡೆಗೆ ನಡೆಸುವುದು. ಯಾವಾಗ ಮುಂದೆ ಹೆಜ್ಜೆ ಇಡಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ತೀರ್ಮಾನವನ್ನು ಯಾವ ನಿಯಮವೂ ಬದಲಿಸಿಲ್ಲ. ಕಾಲಗಳ ನಡುವೆ ಹೋಲಿಸಬಹುದಾದದ್ದು ಇದೊಂದೇ ಎಂದು ನನ್ನ ನಂಬಿಕೆ.

ವೇಗದ ವಾದಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಮೂರ್ ಅವರನ್ನು ಈ ಕಾಲಕ್ಕೆ ಕರೆತರುವುದಾದರೆ ಈ ಕಾಲದ ವ್ಯಾಯಾಮ, ಆಹಾರ, ವೈದ್ಯರ ಸಮೇತ ತರಬೇಕು. ಇಲ್ಲವಾದರೆ ವಾನ್ ಡೈಕ್ ಅವರನ್ನು ಅಂದಿನ ಕೆಸರು ಮೈದಾನಕ್ಕೆ, ಅಂದಿನ ಶೂ ಹಾಕಿಸಿ ಕಳಿಸಬೇಕು. ಫುಲ್‌ಬ್ಯಾಕ್‌ಗಳನ್ನಂತೂ (ಮೈದಾನದ ಅಂಚಿನಲ್ಲಿ ಆಡುವ ಡಿಫೆಂಡರ್‌ಗಳು) ಈ ಚರ್ಚೆಯಿಂದ ಹೊರಗಿಡುತ್ತೇನೆ. ಫಕೆಟ್ಟಿಯಿಂದ ಕಫುವರೆಗೆ ಅವರ ಕೆಲಸ ಎಷ್ಟು ಬದಲಾಗಿದೆಯೆಂದರೆ ಹೆಸರೊಂದೇ ಉಳಿದಿದೆ. ಬೆಕೆನ್‌ಬವರ್ ಅವರನ್ನೂ ಹೊರಗಿಡುತ್ತೇನೆ, ಬೇರೆ ಕಾರಣಕ್ಕೆ: ಅವರು ಹಿಂದೆ ನಿಂತು ಇಡೀ ತಂಡದ ಆಟ ನಡೆಸಿದವರು. ಅವರನ್ನು ಸೇರಿಸಿದರೆ ನಾವು ಡಿಫೆಂಡರ್‌ಗಳ ಬಗ್ಗೆ ಮಾತಾಡುವುದನ್ನು ನಿಲ್ಲಿಸಿರುತ್ತೇವೆ.

ಊಹೆಯ ಪ್ರಯಾಣಗಳು ಬೇಡವೆನ್ನುವವರಿಗೆ ನಿಜವಾಗಿಯೇ ಎರಡು ಕಾಲಗಳಲ್ಲಿ ಆಡಿದವರಿದ್ದಾರೆ. ಮಾಲ್ದೀನಿ 1985ರಲ್ಲಿ ಮಿಲಾನ್ ಪರ ಆಡಲು ಶುರು ಮಾಡಿ 2009ರಲ್ಲಿ ನಿಲ್ಲಿಸಿದರು; 902 ಪಂದ್ಯ. ಮೊದಲ ಯುರೋಪಿಯನ್ ಕಪ್ ಗೆದ್ದಾಗ 20 ವರ್ಷ, ಐದನೆಯದನ್ನು ನಾಯಕನಾಗಿ ಎತ್ತಿದಾಗ 38. ನಾನು ಮೇಲೆ ಹೇಳಿದ ಬದಲಾವಣೆಗಳಲ್ಲಿ 1990, 1992, 1998, 2005 ಎಲ್ಲವೂ ಅವರ ಕಾಲಡಿಯಲ್ಲೇ ಆದವು. ಹಳಬರು ಹೊಸ ನಿಯಮದಲ್ಲಿ ಆಡಲಾರರು ಎಂಬ ಮಾತು ಅವರೆದುರು ನಿಲ್ಲುವುದಿಲ್ಲ.

ಬರೇಸಿಯ ಪರೀಕ್ಷೆ ಇನ್ನೂ ಕಠಿಣವಾಗಿತ್ತು, ಏಕೆಂದರೆ ಅವರಿಗೆ ಸಿಕ್ಕಿದ್ದ ಊರುಗೋಲುಗಳು ದೊಡ್ಡವು. 1994ರ ವಿಶ್ವಕಪ್ ಹೊತ್ತಿಗೆ ಹಿಂದಿನ ಪಾಸಿನ ಬಾಗಿಲು ಮುಚ್ಚಿತ್ತು, ಆಫ್‌ಸೈಡ್‌ನ ಸಂದೇಹದ ಲಾಭ ಫಾರ್ವರ್ಡ್ ಕಡೆಗೆ ವಾಲಿತ್ತು. ಅವರಿಗೆ 34 ವರ್ಷ. ಜೂನ್ 23ರಂದು ನಾರ್ವೆ ವಿರುದ್ಧ ಮೊಣಕಾಲಿಗೆ ಗಾಯವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಜುಲೈ 17ರಂದು ಪಾಸಡೀನಾದ ಸುಡುಬಿಸಿಲಿನ ಫೈನಲ್‌ನಲ್ಲಿ ರೊಮಾರಿಯೊ, ಬೆಬೆಟೊ ಎದುರು ನಿಂತಿದ್ದರು. ತಸ್ಸೊತ್ತಿ, ಕೋಸ್ಟಕುರ್ತಾ ಅಮಾನತಾಗಿದ್ದರಿಂದ ಹಳೆಯ ಸಾಲೂ ಇಲ್ಲ. ಪಕ್ಕದಲ್ಲಿ ಮಾಲ್ದೀನಿ ಮಾತ್ರ. 120 ನಿಮಿಷ, ಬ್ರೆಜಿಲ್‌ಗೆ ಒಂದು ಗೋಲೂ ಇಲ್ಲ. ನಂತರ ಗೆದ್ದವರನ್ನು ತೀರ್ಮಾನಿಸುವ ಪೆನಾಲ್ಟಿ ಒದೆತಗಳಲ್ಲಿ ಬರೇಸಿ ಚೆಂಡನ್ನು ಮೇಲೆ ಹಾರಿಸಿದರು, ಇಟಲಿಯ ಫಾರ್ವರ್ಡ್ ರೊಬೆರ್ಟೊ ಬಾಜ್ಜೊ ಕೂಡ ಹಾರಿಸಿದರು, ಇಟಲಿ ಸೋತಿತು. ಜಗತ್ತು ಬಾಜ್ಜೊ ಅವರನ್ನು ನೆನಪಿಟ್ಟುಕೊಂಡಿತು. ಆ 120 ನಿಮಿಷಗಳನ್ನು ಪೂರ್ತಿಯಾಗಿ ಕೂತು ನೋಡಿದವರು ಕಡಿಮೆ. ಗೋಲಿಲ್ಲದ ಫೈನಲ್ ಎಂದರೆ ಜನ ಬೇಸರದಿಂದ ಮುಖ ತಿರುಗಿಸುತ್ತಾರೆ. ಡಿಫೆಂಡಿಂಗ್ ಕಲಿಯಬೇಕಾದವರಿಗೆ ನಾನು ಹೇಳುವುದು ಆ ಪಂದ್ಯವನ್ನೇ.

ದೇಹದ ವಿಷಯಕ್ಕೆ ಬಂದರೆ ಬರೇಸಿ 1.76 ಮೀಟರ್ ಎತ್ತರ, ಈ ಹುದ್ದೆಗೆ ಗಿಡ್ಡ ಎನ್ನುವ ಅಳತೆ. ವಾನ್ ಡೈಕ್‌ಗೆ ಎತ್ತರ, ವೇಗ, ಬಲ ಮೂರೂ ಇವೆ. ತೀರ್ಮಾನ ಅರೆಕ್ಷಣ ತಡವಾದರೂ ಅವರ ಕಾಲು ಅದನ್ನು ಸರಿಪಡಿಸುತ್ತದೆ. ಬರೇಸಿಗೆ ಆ ಸಾಲ ಸಿಗುತ್ತಿರಲಿಲ್ಲ. ತೀರ್ಮಾನ ಮೊದಲೇ ಸರಿ ಇರಬೇಕಿತ್ತು, ಜೊತೆಗೆ ಉಳಿದ ಮೂವರ ತೀರ್ಮಾನವೂ ಅವರ ಕೈಯಲ್ಲಿತ್ತು. ಮಾಲ್ದೀನಿಗಿಂತ ಅವರನ್ನು ಒಂದು ಮೆಟ್ಟಿಲು ಮೇಲಿಡುವುದು ಇದೇ ಕಾರಣಕ್ಕೆ.

ನನ್ನ ವಿರುದ್ಧ ಹೇಳಬಹುದಾದ ಗಟ್ಟಿ ವಾದ ಒಂದೇ. ಬರೇಸಿ ಇಲ್ಲದ ಮಿಲಾನ್ ಅಥೆನ್ಸ್‌ನಲ್ಲಿ 4-0ಯಿಂದ ಗೆದ್ದಿತು. 2020ರ ಅಕ್ಟೋಬರ್‌ನಲ್ಲಿ ಮೊಣಕಾಲು ಹೋಗಿ ವಾನ್ ಡೈಕ್ ಹೊರಗುಳಿದಾಗ, ಹಿಂದಿನ ಋತುವಿನ ಚಾಂಪಿಯನ್ ಲಿವರ್‌ಪೂಲ್ ತವರಿನಲ್ಲಿ ಸತತ ಆರು ಲೀಗ್ ಪಂದ್ಯ ಸೋತಿತು. ಲಿವರ್‌ಪೂಲ್‌ನ ಉಳಿದ ಡಿಫೆಂಡರ್‌ಗಳಾದ ಗೊಮೆಜ್, ಮಟಿಪ್ ಕೂಡ ಗಾಯಗೊಂಡಿದ್ದರು, ಅಥೆನ್ಸ್ ಒಂದೇ ರಾತ್ರಿಯ ಪಂದ್ಯ ಎಂದೆಲ್ಲ ನಾನು ಹೇಳಬಲ್ಲೆ. ಆದರೂ ಈ ವಾದದ ತೂಕ ಪೂರ್ತಿ ಇಳಿಯುವುದಿಲ್ಲ. ಆದ್ದರಿಂದಲೇ ನನ್ನ ಪಟ್ಟಿಯಲ್ಲಿ ಬರೇಸಿ, ಮಾಲ್ದೀನಿ ನಂತರದ ಮೂರನೇ ಹೆಸರು ವಾನ್ ಡೈಕ್. ವಾನ್ ಡೈಕ್ ಹಿಂದೆ ಶಿರೇಯಾ, ಮೂರ್ ಬರುತ್ತಾರೆ. ಅವರಿಬ್ಬರಲ್ಲಿ ಯಾರು ಮೊದಲು ಎಂದು ಕೇಳಿದರೆ, ಶಿರೇಯಾ.