ಲಾಲ್‌ಬಾಗಿನ ಬಂಡೆಯ ಮೇಲೆ

ಅಪ್ಪ ತೀರಿಕೊಂಡ ವರ್ಷ ನನಗೆ ಸರಿಯಾದ ನಿದ್ದೆ ಎನ್ನುವುದೇ ಇರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ, ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ಉಳಿಯುತ್ತಿದ್ದರೇನೋ ಎಂಬ ಒಂದೇ ಮಾತನ್ನು ಮನಸ್ಸು ಬೆಳಕು ಹರಿಯುವವರೆಗೂ ಮೆಲುಕು ಹಾಕುತ್ತಿತ್ತು. ಮನೋವೈದ್ಯರು ಮಾತ್ರೆಗಳನ್ನು ಬರೆದುಕೊಟ್ಟು, ದಿನವೂ ಸ್ವಲ್ಪ ಹೊತ್ತು ಮರಗಳ ನಡುವೆ ಕಳೆಯಬೇಕೆಂದು ಹೇಳಿದಾಗ, ಅದು ಬರೀ ಸಮಾಧಾನದ ಮಾತೆಂದೇ ಭಾವಿಸಿದ್ದೆ. ಲಾಲ್‌ಬಾಗ್ ಮನೆಗೆ ಹತ್ತಿರವಿದ್ದುದರಿಂದ ಹೋಗತೊಡಗಿದೆ.

ಮೊದಲ ವಾರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹೆಜ್ಜೆ ಎಣಿಸುತ್ತಾ ಸುತ್ತು ಹಾಕಿದೆ. ಕೊರಗೂ ಜೊತೆಯಲ್ಲೇ ನಡೆಯಿತು. ಒಂದು ದಿನ ಫೋನನ್ನು ಮನೆಯಲ್ಲೇ ಬಿಟ್ಟು, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೇರಿ ಸುಮ್ಮನೆ ಕುಳಿತೆ. ಭೂವಿಜ್ಞಾನಿಗಳು ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಬಂಡೆ ಅದು. ಹಿಂದಿನ ರಾತ್ರಿಯ ಮಳೆನೀರು ಅಂಗೈಯಗಲದ ಒಂದು ಕುಳಿಯಲ್ಲಿ ನಿಂತಿತ್ತು. ಗೊರವಂಕವೊಂದು ಬಂದು, ಕೊಕ್ಕದ್ದಿ ತಲೆಯೆತ್ತಿ ನೀರು ನುಂಗಿತು, ಮತ್ತೆ ಬಾಗಿತು. ಅದು ಹಾರಿಹೋದ ಮೇಲೆಯೇ, ಅಷ್ಟು ಹೊತ್ತು ನಾನು ಬೇರೇನನ್ನೂ ಯೋಚಿಸಿರಲಿಲ್ಲವೆಂಬುದು ಅರಿವಿಗೆ ಬಂದದ್ದು.

ಇದಕ್ಕೆ ಕಾರಣವೇನಿರಬಹುದೆಂದು ಆಮೇಲೆ ಹುಡುಕಿ ಓದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 90 ನಿಮಿಷ ಹುಲ್ಲು ಮತ್ತು ಮರಗಳಿದ್ದ ಕಡೆ ನಡೆದವರಲ್ಲಿ ಮನಸ್ಸಿನ ಮೆಲುಕು ತಗ್ಗಿತ್ತು, ಅಂಥ ಯೋಚನೆಯೊಂದಿಗೆ ಸಂಬಂಧವಿರುವ ಮಿದುಳಿನ ಒಂದು ಭಾಗದ ಚಟುವಟಿಕೆಯೂ ಇಳಿದಿತ್ತು. ವಾಹನಗಳು ಕಿಕ್ಕಿರಿದ ರಸ್ತೆಯ ಬದಿಯಲ್ಲಿ ಅಷ್ಟೇ ಹೊತ್ತು ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಪಾಲ್ಗೊಂಡವರು 38 ಮಂದಿ ಮಾತ್ರ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲಾನ್ ದಂಪತಿಯ ವಿವರಣೆ: ಪ್ರಯತ್ನಪಟ್ಟು ಒಂದೆಡೆ ನಿಲ್ಲಿಸುವ ಗಮನ ದಣಿಯುತ್ತದೆ; ಎಲೆಯ ಅಲುಗಾಟ, ಮೋಡ, ನೀರು ಇವು ಬಲವಂತವಿಲ್ಲದೆ ಗಮನವನ್ನು ಸೆಳೆಯುವುದರಿಂದ ಆ ದಣಿವು ಆರುತ್ತದೆ. ಹೆಜ್ಜೆ ಎಣಿಸುವುದು ಕಾಲಿಗೆ ಒಳ್ಳೆಯದೇ ಇರಬಹುದು, ಆದರೆ ಮನಸ್ಸಿಗೆ ಅದೂ ಒಂದು ಲೆಕ್ಕದ ಕೆಲಸವೇ ಎಂಬುದು ನನ್ನ ಅನುಭವ.

ಮಾತ್ರೆಯನ್ನು ನಾನು ನಿಲ್ಲಿಸಲಿಲ್ಲ. ವೈದ್ಯರೇ ತಿಂಗಳುಗಳ ನಂತರ ಹಂತಹಂತವಾಗಿ ಕಡಿಮೆ ಮಾಡಿದರು. ಖಿನ್ನತೆಯಿಂದ ನರಳುವವರಿಗೆ ಔಷಧ ಬಿಟ್ಟು ಉದ್ಯಾನಕ್ಕೆ ಹೋಗಿ ಎನ್ನುವವರ ಮಾತು ಅಪಾಯಕಾರಿ.

ಆ ಬೇಸಿಗೆಯಲ್ಲಿ, ಗೋಡೆಗಳಂತೆ ಬೇರು ಎಬ್ಬಿಸಿಕೊಂಡು ನಿಂತಿರುವ ಹಳೆಯ ಬೂರುಗದ ಮರದ ಕೆಳಗೆ ಒಡೆದ ಕಾಯಿಯೊಂದು ಸಿಕ್ಕಿತು. ಒಳಗಿನ ಹತ್ತಿ ಬೆರಳಿಗೆ ತಗುಲಿದ್ದೇ ತಡ, ನಮ್ಮ ಹಳ್ಳಿಯ ಜಗುಲಿಯಲ್ಲಿ ಅಪ್ಪ ಮೀಸೆಗೆಲ್ಲಾ ಹತ್ತಿ ಮೆತ್ತಿಕೊಂಡು ದಿಂಬು ತುಂಬುತ್ತಿದ್ದುದು ನೆನಪಾಯಿತು. ಆಸ್ಪತ್ರೆಯ ಹಾಸಿಗೆಯಿಲ್ಲದೆ ಅವರು ನೆನಪಿಗೆ ಬಂದದ್ದು ಅದೇ ಮೊದಲು.