ಎಂಟು ಚುಕ್ಕೆಯಲ್ಲಿ ಕನ್ನಡ ಕೂರಲ್ಲ: ಆರ್ಕೇಡ್ ಅಕ್ಷರದಿಂದ ಅಂಗಡಿ ಬೋರ್ಡಿಗೆ

ಹಳೆ ಆರ್ಕೇಡ್ ಗೇಮಿನ (ಕಾಸು ಹಾಕಿ ಆಡೋ ಪೆಟ್ಟಿಗೆ ಆಟದ) ಥರ ಕನ್ನಡ ಬರೀಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ: ಇರೋ ಫಾಂಟನ್ನೇ 8 ಚುಕ್ಕೆ (ಪಿಕ್ಸೆಲ್) ಎತ್ತರಕ್ಕೆ ಕುಗ್ಗಿಸಿ, ಅಂಚು ಒರಟು ಮಾಡಿ, ಮುಗೀತು ಅಂತಾರೆ. ಬಳ್ಳಾರಿಯ ಜೀನ್ಸ್ ಅಂಗಡಿಗಳ ಮುಂದೆ, ಸಿಂಧನೂರಿನ ಅಕ್ಕಿ ಗಿರಣಿಗಳ ಗೇಟಿನ ಮೇಲೆ ಕೆಂಪಗೆ ಓಡೋ ಎಲ್‌ಇಡಿ ಬೋರ್ಡುಗಳಿಗೂ ಇದೇ ಕಾಯಿಲೆ. ಪ, ಷ ಎರಡೂ ಒಂದೇ ಉಂಡೆ. ಒತ್ತಕ್ಷರದ ಕಾಲು ಬೋರ್ಡಿನ ಕೆಳಗೆ ಕತ್ತರಿಸಿ ಹೋಗಿರುತ್ತೆ. ಆರ್ಕೇಡಿನವರು ಯಾವ ಅಕ್ಷರವನ್ನೂ ಕುಗ್ಗಿಸಲಿಲ್ಲ, ಪರದೆ ನೋಡಿ ಹೊಸದಾಗಿ ಕಟ್ಟಿದರು. ನಮಗೆ ಬೇಕಾದದ್ದು ಆ ಕಟ್ಟೋ ರೀತಿ.

ಅವರ ಇಂಗ್ಲಿಷ್ 'ಎ' (A) ನೋಡಿ:

□□■■■□□□
□■■□■■□□
■■□□□■■□
■■□□□■■□
■■■■■■■□
■■□□□■■□
■■□□□■■□
□□□□□□□□

8×8 ಮನೆ, ಅಕ್ಷರಕ್ಕೆ 7×7. ಬಲಗಡೆಯ ಒಂದು ಕಂಬ, ಕೆಳಗಿನ ಒಂದು ಸಾಲು ಖಾಲಿ. ಹಾಗಾಗಿ ಮನೆಗಳನ್ನು ಒತ್ತಿ ಜೋಡಿಸಿದರೂ ಅಕ್ಷರಗಳು ಅಂಟುವುದಿಲ್ಲ. 1976ರಲ್ಲಿ ಕೀ ಗೇಮ್ಸ್ ಹೆಸರಲ್ಲಿ ಅಟಾರಿ ಹೊರತಂದ ಕ್ವಿಜ್ ಶೋ ಅನ್ನೋ ಆಟದಲ್ಲಿ ಕಾಣಿಸಿಕೊಂಡ ಈ ಮಾದರಿಯೇ 1980ರ ಪ್ಯಾಕ್‌ಮ್ಯಾನ್‌ಗೂ ಬಂತು. ನಿಂತ ಗೆರೆ 2 ಚುಕ್ಕೆ, ಮಲಗಿದ ಗೆರೆ 1 ಚುಕ್ಕೆ. ಇದು ಬರೀ ಅಂದಕ್ಕಲ್ಲ. ಹಳೆ ಟಿವಿಯಂಥ ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಬರೆಯೋ ಕಿರಣ ಅಡ್ಡಡ್ಡ ಓಡುತ್ತೆ. ಒಂಟಿ ಚುಕ್ಕೆಗೆ ಸಿಗೋ ಸಮಯದಲ್ಲಿ ಅದು ಪೂರ್ತಿ ಹೊತ್ತಿಕೊಳ್ಳುವುದೇ ಇಲ್ಲ. ಪ್ಯಾಕ್‌ಮ್ಯಾನ್ ಬೋರ್ಡಿನ ಚುಕ್ಕೆ ಗಡಿಯಾರ (ಚುಕ್ಕೆ ಬರೆಯೋ ವೇಗ) 6.144 ಮೆಗಾಹರ್ಟ್ಸ್, ಅಂದರೆ ಚುಕ್ಕೆಗೆ ಸುಮಾರು 163 ನ್ಯಾನೊಸೆಕೆಂಡು. ಎರಡು ಚುಕ್ಕೆ ಪಕ್ಕಪಕ್ಕ ಇದ್ದರೆ ಬೆಳಕು ತುಂಬಿಕೊಳ್ಳುತ್ತೆ. ತಮಾಷೆ ಅಂದರೆ ಪ್ಯಾಕ್‌ಮ್ಯಾನ್ ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸಿದ್ದರು. ಅಲ್ಲಿ ಕಿರಣ ನಮ್ಮ ಕಣ್ಣಿಗೆ ಉದ್ದುದ್ದ ಓಡುತ್ತೆ, ಕಾರಣ ತಲೆಕೆಳಗಾಯಿತು. ಅಕ್ಷರ ಮಾತ್ರ ಹಾಗೇ ಉಳೀತು.

ಎಲ್‌ಇಡಿಯಲ್ಲಿ ಆ ತೊಂದರೆ ಇಲ್ಲ, ಎಲ್ಲ ಚುಕ್ಕೆಯೂ ಒಂದೇ ಬೆಳಕು. ಆದ್ದರಿಂದ ಕನ್ನಡಕ್ಕೆ ಗೆರೆ 1 ಚುಕ್ಕೆಯೇ ಸಾಕು. 2 ಮಾಡಿದರೆ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತೆ.

ಜಪಾನಿನ ಆಟಗಳಿಂದ ಕಲಿಯೋದು ಇನ್ನೊಂದಿದೆ. ಅವರ ಕಟಾಕಾನಾ ಲಿಪಿ 8×8ರಲ್ಲಿ ಕೂರುತ್ತೆ, ಆದರೆ 'ಕ'ವನ್ನು 'ಗ' ಮಾಡೋ ಎರಡು ಗೀಟಿಗೆ ಜಾಗ ಸಾಲದು. ಟಿವಿಗೆ ಜೋಡಿಸಿ ಆಡೋ ಯಂತ್ರ ಫ್ಯಾಮಿಕಾಮ್‌ನ ಎಷ್ಟೋ ಆಟಗಳಲ್ಲಿ ಆ ಗೀಟನ್ನು ಮೇಲಿನ ಮನೆಗೆ ತಳ್ಳಿ, ಎರಡು ಸಾಲಿನ ನಡುವೆ ಒಂದು ಸಾಲು ಅದಕ್ಕೇ ಬಿಟ್ಟರು. ನಮ್ಮ ಒತ್ತಿಗೆ ಇದೇ ದಾರಿ, ಬರೀ ಕೆಳಮುಖವಾಗಿ.

ಅಂಗಡಿ ಬೋರ್ಡಿನ ಸಾಮಾನ್ಯ ಎಲ್‌ಇಡಿ ಹಲಗೆ, ಪಿ10 ಪ್ಯಾನೆಲ್, 32×16 ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ 10 ಮಿ.ಮೀ. ಅದರ 16 ಸಾಲನ್ನು ಹೀಗೆ ಹಂಚಿ: ಮೇಲಿನ 4 ತಲೆಕಟ್ಟು, ಗುಡಿಸು, ಏತ್ವಕ್ಕೆ, ನಡುವಿನ 7 ಒಡಲಿಗೆ, 1 ಖಾಲಿ, ಕೊನೆಯ 4 ಒತ್ತಿಗೆ. ಒಡಲಿಗೆ 7 ಏಕೆ ಅನ್ನೋದಕ್ಕೆ ಉತ್ತರ ಠ:

□□■■■□□
□■□□□■□
■□□□□□■
■□□■□□■
■□□□□□■
□■□□□■□
□□■■■□□

ನಡುವಿನ ಚುಕ್ಕೆ ತೆಗೆದರೆ ರ. ಬೆಸ ಸಂಖ್ಯೆ ಇಲ್ಲದಿದ್ದರೆ ಆ ಚುಕ್ಕೆ ನಡುವೆ ಕೂರಲ್ಲ. 5 ಸಾಲು ಮಾಡಿದರೆ ಸುತ್ತ ಒಂದೇ ಚುಕ್ಕೆ ಕತ್ತಲು ಉಳಿಯುತ್ತೆ, ರಸ್ತೆಯ ಆಚೆ ಬದಿಯಿಂದ ನೋಡಿದವರಿಗೆ ಅದು ತುಂಬಿದ ಬಿಲ್ಲೆ. ಹಾಗಾಗಿ ಅ ದಿಂದ ಶುರು ಮಾಡಬೇಡಿ. ಮೊದಲು ಠ, ಆಮೇಲೆ ಪ, ಷ, ಫ, ಆಮೇಲೆ ದ–ಧ, ಡ–ಢ, ಬ–ಭ ಜೋಡಿ, ಕೊನೆಗೆ ಮ ಮತ್ತು ವು. ಇವು ಬೇರೆ ಬೇರೆ ಕಂಡರೆ ಉಳಿದವು ತಾವೇ ಬರುತ್ತವೆ. ಮಹಾಪ್ರಾಣದ ಸೀಳಿಗೆ ಒಡಲಿನ ಕೊನೆಯ ಸಾಲಿನಲ್ಲಿ ಒಂದು ಚುಕ್ಕೆ ಕತ್ತಲು ಬಿಟ್ಟರೆ ಸಾಲದು. ಕೆಳಗೆ ಖಾಲಿ ಬಿಟ್ಟ ಸಾಲಿಗೂ ಒಂದು ಚುಕ್ಕೆ ಇಳಿಸಿ.

ತಲೆಕಟ್ಟು, ಒಡಲು ಎರಡನ್ನೂ ಸೇರಿಸಿ ಒಂದೇ ಚಿತ್ರವಾಗಿ ಬರೀಬಾರದು. ಕ, ಕಾ, ಕಿ, ಕೆ ಎಲ್ಲದರಲ್ಲೂ ಒಡಲು ಒಂದೇ, ಬದಲಾಗೋದು ತಲೆ. 34 ವ್ಯಂಜನಕ್ಕೆ 12 ಗುಣಿತ ಅಂತ ಪೂರ್ತಿ ಬಿಡಿಸಿದರೆ 408 ಚಿತ್ರ; 16×16ಕ್ಕೆ 32 ಬೈಟಿನಂತೆ 13,056 ಬೈಟು, ಅದೂ ಒತ್ತಕ್ಷರ ಬಿಟ್ಟು. ತುಂಡು ಮಾಡಿ ಇಟ್ಟರೆ ಒಡಲಿಗೆ 14 ಬೈಟು, ಒತ್ತಿಗೆ 4, ಎಲ್ಲ ಸೇರಿ ಒಂದು ಕಿಲೋಬೈಟಿನ ಆಸುಪಾಸು. ಪ್ಯಾಕ್‌ಮ್ಯಾನ್ ತನ್ನ ಜಟಿಲ ಓಣಿ, ಅಂಕಿ, ಅಕ್ಷರ ಎಲ್ಲವನ್ನೂ 256 ಮನೆ, 4,096 ಬೈಟಿನಲ್ಲಿ ಮುಗಿಸಿದ್ದೂ ಹೀಗೆ ತುಂಡು ಜೋಡಿಸಿಯೇ. ಖ, ಜ, ಟ, ಣ, ಬ, ಲ ಗಳಿಗೆ ತಲೆಕಟ್ಟಿಲ್ಲ. ಇವನ್ನು 7 ಸಾಲಲ್ಲೇ ನಿಲ್ಲಿಸಿದರೆ ಪಕ್ಕದ ಅಕ್ಷರದ ಮುಂದೆ ಗಿಡ್ಡ ಕಾಣುತ್ತವೆ, ಮೇಲಕ್ಕೆ 2 ಸಾಲು ಏರಿಸಿ. ಇವುಗಳ ಗುಡಿಸನ್ನು ಪ್ರತ್ಯೇಕ ಬಿಡಿಸಬೇಕು, ಅಲ್ಲಿ ಉಳಿತಾಯ ಇಲ್ಲ.

ಅಗಲ ಮಾತ್ರ ಆರ್ಕೇಡಿನಂತೆ ಒಂದೇ ಅಳತೆಗೆ ಕಟ್ಟಬೇಡಿ. ಬ 8, ಳ್ಳಾ 11, ರಿ 8, ನಡುವೆ ಎರಡು ಸಂದು: 29 ಚುಕ್ಕೆ, ಬಳ್ಳಾರಿ ಒಂದು ಪ್ಯಾನೆಲಿನಲ್ಲಿ ಆರಾಮಾಗಿ ಕೂತಿತು. ಕೊಪ್ಪಳ ಸರಿಯಾಗಿ 32, ಅಂಚಿಗೆ ಉಸಿರಿಲ್ಲ. ರಾಯಚೂರು 47, ಎರಡು ಪ್ಯಾನೆಲ್ ಬೇಕೇ ಬೇಕು. ರಾಯಚೂರಿಗೆ ಒತ್ತೇ ಇಲ್ಲ, ಕೆಳಗಿನ 5 ಸಾಲು ದಂಡ ಅನಿಸಬಹುದು. ಆದರೆ ಅಲ್ಲಿ ಮಾತ್ರ ಅಕ್ಷರ ದೊಡ್ಡದು ಮಾಡಿದರೆ ಮುಂದಿನ ಊರು ಬಂದಾಗ ಸಾಲು ಜಿಗಿಯುತ್ತೆ. ಅಂಕಿಗಳು ಮಾತ್ರ ಒಂದೇ ಅಗಲ ಇರಲಿ. ಇಲ್ಲವಾದರೆ ದರವೋ ಸ್ಕೋರೋ ಬದಲಾದಾಗಲೆಲ್ಲ ಇಡೀ ಸಾಲು ಅಲುಗುತ್ತೆ.

ಇನ್ನು ಬೋರ್ಡು ನಡೆಸೋ ಪುಟ್ಟ ಕಂಪ್ಯೂಟರ್, ಆರ್ಡುಯಿನೊ. ಪ್ಯಾನೆಲ್ ಓಡಿಸೋ ಸಿದ್ಧ ಕೋಡು ಡಿಎಂಡಿ ಲೈಬ್ರರಿ; ಅದಕ್ಕೆ ವೈರನ್ನು ಆರ್ಡುಯಿನೊದ ಈ ಪಿನ್ನುಗಳಿಗೆ ಕೊಡಿ: ಕ್ಲಾಕ್ 13, ಡೇಟಾ 11, ಲ್ಯಾಚ್ 8, ಎ 6, ಬಿ 7, ಓಇ (ಬೆಳಕು ಹೊತ್ತಿಸಿ ಆರಿಸೋದು) 9. ಅಕ್ಷರದ ಕೋಷ್ಟಕಕ್ಕೆ ಪ್ರೋಗ್‌ಮೆಮ್ (ಪ್ರೋಗ್ರಾಂ ಮೆಮೊರಿಯಲ್ಲೇ ಇಡು ಅನ್ನೋ ಗುರುತು) ಹಾಕದಿದ್ದರೆ ಅದು ಊನೊ ಮಾದರಿಯ 2 ಕಿಲೋಬೈಟ್ ರ‍್ಯಾಮಿಗೆ ಬಂದು ಕೂರುತ್ತೆ, ಪ್ರತಿ ಪ್ಯಾನೆಲ್ 64 ಬೈಟು ಬೇರೆ ತಿನ್ನುತ್ತೆ. ಆಮೇಲೆ ಬೋರ್ಡು ತಂತಾನೇ ರೀಸೆಟ್ ಆಗೋಕೆ ಶುರು. ಯೂನಿಕೋಡಿನಲ್ಲಿ ಬಳ್ಳಾರಿ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟು. ಅದನ್ನು 3 ಅಕ್ಷರವಾಗಿ ಕಟ್ಟಿಕೊಡೋರು ಆರ್ಡುಯಿನೊದಲ್ಲಿ ಯಾರೂ ಇಲ್ಲ, ನೀವೇ ಬರೀಬೇಕು. ನಿಯಮ ಸರಳ: ವಿರಾಮ (ಸ್ವರ ಕಳೆಯೋ ಸಂಕೇತ) ಆದ ಮೇಲೆ ಬರೋ ವ್ಯಂಜನ ಒತ್ತಿನ ಸಾಲಿಗೆ. ಅಪವಾದ ರ್. ದೇವದುರ್ಗ, ಯಲಬುರ್ಗಾಗಳಲ್ಲಿ ರ್ ಮೊದಲು ಬರುತ್ತೆ, ಆದರೆ ಅರ್ಕಾವೊತ್ತು ಗ ಆದ ಮೇಲೆ, ಒಡಲಿನ ಸಾಲಿನಲ್ಲೇ ಬಲಕ್ಕೆ ನಿಲ್ಲಬೇಕು. 'ರ‍್ಯಾಲಿ'ಯಂಥ ಪದದಲ್ಲಿ ನಡುವೆ ಕಾಣದ ಜೋಡಿಸೋ ಸಂಕೇತ ಇರುತ್ತೆ, ಅದು ಕಂಡರೆ ಅರ್ಕಾವೊತ್ತು ಮಾಡಬೇಡಿ.

ಅಕ್ಷರ ಕೆಟ್ಟು ಕಂಡರೆ ಮೊದಲು ವೈರು ನೋಡಿ, ಆಮೇಲೆ ಫಾಂಟು. ಈ ಪ್ಯಾನೆಲು 16 ಸಾಲನ್ನು ನಾಲ್ಕು ಗುಂಪು ಮಾಡಿ ಸರದಿಯಲ್ಲಿ ಹೊತ್ತಿಸುತ್ತೆ, ಗುಂಪು ಆರಿಸೋದು ಎ ಮತ್ತು ಬಿ. ಎ ಸೊನ್ನೆಯಲ್ಲೇ ಸಿಕ್ಕಿಕೊಂಡರೆ ಒಂದು ಬಿಟ್ಟು ಒಂದು ಸಾಲು ಕತ್ತಲು. ಬಿ ಆದರೆ ಎರಡು ಸಾಲು ಬೆಳಕು, ಎರಡು ಕತ್ತಲು. ಉಳಿದ ಸಾಲಿನ ಮೇಲೆ ಇನ್ನೊಂದು ಸಾಲಿನ ಚುಕ್ಕೆ ಬಂದು ಕೂತಿರುತ್ತೆ. ಕೊನೆಯ ಪ್ಯಾನೆಲ್ ಮಂಕಾಗಿದ್ದರೆ 5 ವೋಲ್ಟ್ ದಾರಿಯಲ್ಲೇ ಇಳಿದಿದೆ ಅಂತ ಅರ್ಥ. ಎಲ್ಲ ಚುಕ್ಕೆ ಹೊತ್ತಿದರೆ ಪ್ಯಾನೆಲಿಗೆ 3ರಿಂದ 4 ಆಂಪಿಯರ್ ಬೇಕು, ಸಣ್ಣ ವೈರು ತಡೆಯಲ್ಲ. ಎರಡೆರಡು ಪ್ಯಾನೆಲಿಗೆ ಸಪ್ಲೈಯಿಂದಲೇ ನೇರ ದಪ್ಪ ವೈರು ಎಳೀರಿ.

ಪರೀಕ್ಷೆಗೆ ನಮ್ಮ ಕಡೆ ಊರುಗಳೇ ಸಾಕು: ಕುಷ್ಟಗಿ, ಮಸ್ಕಿ, ಕಂಪ್ಲಿ, ಮಾನ್ವಿ, ತೋರಣಗಲ್ಲು, ದೇವದುರ್ಗ. ಹತ್ತು ಮೀಟರಿಗಿಂತ ಹತ್ತಿರ ನಿಂತು ನೋಡಬೇಡಿ, ಅಲ್ಲಿ ಬರೀ ಚುಕ್ಕೆ ಕಾಣುತ್ತೆ. ಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಬೆಳಕು ಕಮ್ಮಿ ಮಾಡಿ ಇನ್ನೊಮ್ಮೆ ನೋಡಿ. ಹಗಲಲ್ಲಿ ನೆಟ್ಟಗಿದ್ದ ಷ ರಾತ್ರಿ ಉಬ್ಬಿಕೊಂಡು ಪ ಆಗಿದ್ದರೆ, ಅಡ್ಡಗೆರೆಯ ಎರಡೂ ತುದಿಯ ಒಂದೊಂದು ಚುಕ್ಕೆ ಆರಿಸಿ ಮತ್ತೆ ನೋಡಿ.